ಮಗುವಿನ ಅಳತೆಯ ಮಾತ್ರೆ

ಎಚ್‌ಐವಿ ಸೋಂಕಿನೊಂದಿಗೆ ಹುಟ್ಟಿದ ಕೂಸುಗಳಿಗೆ ಬಹಳ ಕಾಲ ಕೊಡುತ್ತಿದ್ದ ಒಂದು ಸಿರಪ್ಪಿನಲ್ಲಿ ಶೇ. 42ರಷ್ಟು ಆಲ್ಕೋಹಾಲ್ ಇರುತ್ತಿತ್ತು. ಲೊಪಿನಾವಿರ್, ರಿಟೊನಾವಿರ್ ಎಂಬ ಎರಡು ಔಷಧಗಳ ದ್ರಾವಣ ಅದು. ಬಾಯಿಗಿಟ್ಟರೆ ಉಗುಳುವಷ್ಟು ಕಹಿ. ಆಸ್ಪತ್ರೆ ತಲುಪುವ ತನಕ ತಣ್ಣಗೆ ಇಟ್ಟೇ ಸಾಗಿಸಬೇಕು. ಕರೆಂಟೇ ಇಲ್ಲದ ಆಫ್ರಿಕಾದ ಹಳ್ಳಿಗಳ ತಾಯಂದಿರು ಇದನ್ನು ದಿನಕ್ಕೆರಡು ಸಲ ಮಕ್ಕಳಿಗೆ ಕುಡಿಸಬೇಕಿತ್ತು. ಅಷ್ಟು ಹೊತ್ತಿಗೆ ದೊಡ್ಡವರ ಚಿಕಿತ್ಸೆ ದಿನಕ್ಕೊಂದು ಮಾತ್ರೆ ನುಂಗಿದರೆ ಸಾಕು ಎನ್ನುವಷ್ಟು ಸರಳವಾಗಿತ್ತು. ಔಷಧಗಳ ಸಾಮಾಜಿಕ ಇತಿಹಾಸವನ್ನು ಪಿಎಚ್‌.ಡಿ.ಗೆ ಆರಿಸಿಕೊಂಡಿರುವ ನನ್ನನ್ನು ಈ ಅಂತರ ಬಹಳವಾಗಿ ಕಾಡಿದೆ. ಒಂದೇ ಮನೆ, ಒಂದೇ ವೈರಸ್ಸು. ಅಮ್ಮನಿಗೊಂದು ನ್ಯಾಯ, ಮಗುವಿಗೊಂದು ನ್ಯಾಯ ಯಾಕಾಯಿತು?

ಇದರ ಎಳೆ ಹಿಡಿದು ಹೋದರೆ 1994ಕ್ಕೆ ಮುಟ್ಟುತ್ತೇವೆ. ಆ ವರ್ಷ ಅಮೆರಿಕ ಮತ್ತು ಫ್ರಾನ್ಸ್‌ನಲ್ಲಿ ನಡೆದ ಪ್ರಯೋಗವೊಂದರ ಫಲಿತಾಂಶ ಪ್ರಕಟವಾಯಿತು. ಬಸಿರಿನಲ್ಲಿ ಮತ್ತು ಹೆರಿಗೆಯ ಹೊತ್ತಿನಲ್ಲಿ ತಾಯಿಗೆ, ಹುಟ್ಟಿದ ಮೇಲೆ ಆರು ವಾರ ಮಗುವಿಗೆ ಜಿಡೊವುಡಿನ್ ಕೊಟ್ಟರೆ ಸೋಂಕು ದಾಟುವ ಪ್ರಮಾಣ ಶೇ. 25.5ರಿಂದ 8.3ಕ್ಕೆ ಇಳಿಯುತ್ತಿತ್ತು. ಶ್ರೀಮಂತ ದೇಶಗಳು ಇದನ್ನು ಕೂಡಲೇ ಜಾರಿಗೆ ತಂದವು. ಕೆಲವೇ ವರ್ಷಗಳಲ್ಲಿ ಅಲ್ಲಿ ಸೋಂಕಿನೊಂದಿಗೆ ಹುಟ್ಟುವ ಮಕ್ಕಳು ವಿರಳವಾದರು. ಅದು ನಿಜಕ್ಕೂ ದೊಡ್ಡ ಗೆಲುವು. ಆದರೆ ಆ ಗೆಲುವಿನ ಬೆನ್ನಿಗೇ ಇನ್ನೊಂದು ಸಂಗತಿಯೂ ನಡೆಯಿತು. ಔಷಧ ಕೊಳ್ಳಲು ಹಣವಿದ್ದ ದೇಶಗಳಲ್ಲಿ ಸೋಂಕಿತ ಮಕ್ಕಳು ಹೆಚ್ಚಿರಲಿಲ್ಲ. ಸೋಂಕಿತ ಮಕ್ಕಳು ಲಕ್ಷಗಟ್ಟಲೆ ಇದ್ದ ದೇಶಗಳಲ್ಲಿ ಹಣವಿರಲಿಲ್ಲ. ಲಾಭ ನೋಡುವ ಕಂಪನಿಗಳಿಗೆ ಮಕ್ಕಳ ಮಾತ್ರೆ ತಯಾರಿಸಲು ಕಾರಣವೇ ಉಳಿಯಲಿಲ್ಲ. ಈ ಕಂದಕವನ್ನು ಮುಚ್ಚುವುದು ಒಬ್ಬ ವಿಜ್ಞಾನಿಯಿಂದಾಗಲಿ, ಒಂದು ಸರ್ಕಾರದಿಂದಾಗಲಿ ಆಗುವ ಕೆಲಸವಾಗಿರಲಿಲ್ಲ. ಹಾಗಾಗಿ ಮುಂದಿನ ಇತಿಹಾಸವೆಲ್ಲ ಯಾರು ಯಾರು ಕೈಜೋಡಿಸಿದರು ಎಂಬುದರ ಇತಿಹಾಸ.

ಮೊದಲ ಕೈಜೋಡಣೆ ಉಗಾಂಡದ ಕಂಪಾಲಾದಲ್ಲಿ ಕಾಣುತ್ತದೆ. ಅಲ್ಲಿನ ಮೆಕೆರೆರೆ ವಿಶ್ವವಿದ್ಯಾಲಯ ಮತ್ತು ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ವೈದ್ಯರು ಸೇರಿ ನಡೆಸಿದ ಪ್ರಯೋಗದ ಫಲಿತಾಂಶ 1999ರಲ್ಲಿ ಹೊರಬಂತು. ನೋವು ಶುರುವಾದಾಗ ತಾಯಿಗೆ ಒಂದು ನೆವಿರಪಿನ್ ಮಾತ್ರೆ, ಹುಟ್ಟಿದ ಮೂರು ದಿನದೊಳಗೆ ಮಗುವಿಗೆ ಅದೇ ಔಷಧದ ಒಂದು ಗುಟುಕು. ಜಿಡೊವುಡಿನ್ನನ್ನು ಕೆಲವೇ ದಿನ ಕೊಡುವ ಕ್ರಮಕ್ಕೆ ಹೋಲಿಸಿದರೆ, ಇಷ್ಟರಿಂದಲೇ ಸೋಂಕು ಸುಮಾರು ಅರ್ಧದಷ್ಟು ಕಡಿಮೆಯಾಯಿತು. 2000ದ ಜುಲೈನಲ್ಲಿ ತಯಾರಕ ಕಂಪನಿ ಬೋರಿಂಗರ್ ಇಂಗಲ್‌ಹೈಮ್, ಬಡ ದೇಶಗಳಿಗೆ ಐದು ವರ್ಷ ಈ ಔಷಧವನ್ನು ಪುಕ್ಕಟೆ ಕೊಡುವುದಾಗಿ ಹೇಳಿತು.

ಅದೇ ಜುಲೈನಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಅಂತರರಾಷ್ಟ್ರೀಯ ಏಡ್ಸ್ ಸಮ್ಮೇಳನ ನಡೆಯಿತು. ಎಚ್‌ಐವಿಯಿಂದಲೇ ಏಡ್ಸ್ ಬರುತ್ತದೆಯೇ ಎಂದು ಆ ದೇಶದ ಅಧ್ಯಕ್ಷ ಥಾಬೊ ಎಂಬೆಕಿ ಬಹಿರಂಗವಾಗಿ ಸಂಶಯಪಡುತ್ತಿದ್ದ ಕಾಲ ಅದು. ಸೋಂಕಿನೊಂದಿಗೇ ಹುಟ್ಟಿದ್ದ 11 ವರ್ಷದ ನ್ಕೋಸಿ ಜಾನ್ಸನ್ ಉದ್ಘಾಟನೆಯ ವೇದಿಕೆಗೆ ಬಂದು, ಬಸುರಿಯರಿಗೆ ಔಷಧ ಕೊಡಿ ಎಂದು ಸರ್ಕಾರವನ್ನು ಕೇಳಿದ. ಮರುವರ್ಷ ಜೂನ್ 1ರಂದು ಅವನು ತೀರಿಕೊಂಡ. ಅವನ ಕೋರಿಕೆ ಅಷ್ಟರಲ್ಲಿ ಈಡೇರಿರಲಿಲ್ಲ. ನೆವಿರಪಿನ್ ಸಿಗುತ್ತಿದ್ದುದು ಪ್ರತಿ ಪ್ರಾಂತ್ಯದಲ್ಲಿ ಪ್ರಾಯೋಗಿಕವೆಂದು ಗೊತ್ತುಮಾಡಿದ ಎರಡೆರಡು ಕಡೆ ಮಾತ್ರ.

2001ರ ಆಗಸ್ಟ್‌ನಲ್ಲಿ 'ಟ್ರೀಟ್‌ಮೆಂಟ್ ಆ್ಯಕ್ಷನ್ ಕ್ಯಾಂಪೇನ್' ಎಂಬ ಜನಸಂಘಟನೆ ಸರ್ಕಾರದ ವಿರುದ್ಧ ಕೋರ್ಟಿಗೆ ಹೋಯಿತು. ಅದರ ಜೊತೆಗೆ ಮಕ್ಕಳ ವೈದ್ಯರೂ, ಮಕ್ಕಳ ಹಕ್ಕುಗಳ ಸಂಸ್ಥೆಯೊಂದೂ ನಿಂತವು. 2002ರ ಜುಲೈ 5ರಂದು ಸಂವಿಧಾನ ನ್ಯಾಯಾಲಯ ತೀರ್ಪು ಕೊಟ್ಟಿತು: ಈ ನಿರ್ಬಂಧ ಸಂವಿಧಾನಕ್ಕೆ ವಿರುದ್ಧ, ತಡಮಾಡದೆ ತೆಗೆಯಬೇಕು. ಆ ತೀರ್ಪನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಓದಿದ್ದೇನೆ. ಔಷಧ ಪುಕ್ಕಟೆಯಾಗಿ ಬರುತ್ತಿತ್ತು, ಬರೆದುಕೊಡಲು ವೈದ್ಯರು ತಯಾರಿದ್ದರು, ತಾಯಂದಿರು ಬೇಡುತ್ತಿದ್ದರು. ನಡುವೆ ಅಡ್ಡ ನಿಂತದ್ದು ಒಂದು ಸರ್ಕಾರಿ ಅನುಮತಿ. ವಿಜ್ಞಾನ ತನ್ನ ಪಾಲಿನ ಕೆಲಸ ಮುಗಿಸಿದ ಮೇಲೂ ಮಕ್ಕಳು ಸಾಯಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ದಾಖಲೆ ನನಗೆ ಸಿಕ್ಕಿಲ್ಲ.

ಅದೇ ವರ್ಷಗಳಲ್ಲಿ ಕೇಪ್‌ಟೌನ್‌ನಲ್ಲಿ 'ಮದರ್ಸ್ ಟು ಮದರ್ಸ್' ಎಂಬ ಸಂಸ್ಥೆ ಬೇರೆಯೇ ದಾರಿ ಹಿಡಿಯಿತು. ಸೋಂಕಿದ್ದ ತಾಯಂದಿರನ್ನೇ ಸಂಬಳ ಕೊಟ್ಟು ನೇಮಿಸಿ, ಆಗತಾನೇ ತನಗೆ ಸೋಂಕಿದೆಯೆಂದು ತಿಳಿದು ಕಂಗಾಲಾದ ಬಸುರಿಯ ಪಕ್ಕ ಕೂರಿಸಿತು. ಗಂಡನಿಗೆ ಹೇಗೆ ಹೇಳುವುದು, ಅತ್ತೆಯ ಕಣ್ಣೆದುರು ಮಾತ್ರೆ ಹೇಗೆ ನುಂಗುವುದು ಎಂಬಂಥ ಪ್ರಶ್ನೆಗಳಿಗೆ ಡಾಕ್ಟರ ಬಳಿ ಉತ್ತರವಿರುವುದಿಲ್ಲ, ಅದನ್ನು ದಾಟಿ ಬಂದವಳ ಬಳಿ ಇರುತ್ತದೆ.

ಇದೆಲ್ಲ ಸೋಂಕು ತಡೆಯುವ ಮಾತಾಯಿತು. ಆಗಲೇ ಸೋಂಕಿನೊಂದಿಗೆ ಹುಟ್ಟಿಬಿಟ್ಟವರ ಗತಿ? ಚಿಕಿತ್ಸೆ ಸಿಗದಿದ್ದರೆ ಅಂಥ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಎರಡು ವರ್ಷ ತುಂಬುವುದರೊಳಗೆ ಸಾಯುತ್ತಾರೆ. ಬೇರೆ ದಾರಿಯಿಲ್ಲದ ಕಡೆ ದೊಡ್ಡವರ ಮಾತ್ರೆಯನ್ನೇ ಅರ್ಧ, ಕಾಲು ಮುರಿದು ಕೊಡುತ್ತಿದ್ದರು. ಮೂರು ಔಷಧ ಸೇರಿದ ಮಾತ್ರೆಯನ್ನು ಹಾಗೆ ಮುರಿದರೆ ಪುಟ್ಟ ಮಕ್ಕಳಿಗೆ ನೆವಿರಪಿನ್ ಸಾಲುತ್ತಿರಲಿಲ್ಲ. ಮುಂಬೈನ ಸಿಪ್ಲಾ ಕಂಪನಿ ಮಕ್ಕಳಿಗೆಂದೇ ಅಳತೆ ಹೊಂದಿಸಿದ ಮಾತ್ರೆ ಮಾಡಿತು. ಜಾಂಬಿಯಾದ ಲುಸಾಕಾದ ವೈದ್ಯರು ಅದನ್ನು ಪರೀಕ್ಷಿಸಿದರು.

ಆದರೆ ಕೊಳ್ಳುವವರು ಯಾರು? 2006ರಲ್ಲಿ ಬ್ರೆಜಿಲ್, ಚಿಲಿ, ಫ್ರಾನ್ಸ್, ನಾರ್ವೆ ಮತ್ತು ಬ್ರಿಟನ್ ಸೇರಿ 'ಯುನಿಟೈಡ್' ಸ್ಥಾಪಿಸಿದವು. ವಿಮಾನದ ಟಿಕೆಟ್ ಮೇಲೆ ಹಾಕಿದ ಸಣ್ಣ ತೆರಿಗೆ ಅದರ ಮುಖ್ಯ ಆದಾಯ. ಆ ಹಣದ ಬಲದಿಂದ ಕ್ಲಿಂಟನ್ ಪ್ರತಿಷ್ಠಾನ ಚೌಕಾಸಿಗೆ ಕೂತಿತು. ಅದೇ ನವೆಂಬರ್ 30ರಂದು ದೆಹಲಿಯಲ್ಲಿ ಪ್ರಕಟಣೆ ಹೊರಬಿತ್ತು: ಸಿಪ್ಲಾ ಮತ್ತು ರ್‍ಯಾನ್‌ಬ್ಯಾಕ್ಸಿ ಮಕ್ಕಳ ಔಷಧವನ್ನು ಮಗುವೊಂದಕ್ಕೆ ವರ್ಷಕ್ಕೆ 60 ಡಾಲರಿಗಿಂತ ಕಡಿಮೆಗೆ ಕೊಡಲಿವೆ. ಭಾರತ ಸರ್ಕಾರವೂ ಮಕ್ಕಳ ಎಚ್‌ಐವಿ ಚಿಕಿತ್ಸೆಯ ರಾಷ್ಟ್ರೀಯ ಕಾರ್ಯಕ್ರಮವನ್ನು ಆ ದಿನವೇ ಆರಂಭಿಸಿತು. ಸೋಂಕು ಹೆಚ್ಚಿದ್ದ ಆರು ರಾಜ್ಯಗಳಲ್ಲಿ ಆಗ ಕರ್ನಾಟಕವೂ ಒಂದಾಗಿದ್ದರಿಂದ ಇದು ನಮ್ಮ ಮಕ್ಕಳ ಸುದ್ದಿಯೂ ಆಗಿತ್ತು.

ಮೊದಲು ಹೇಳಿದ ಕಹಿ ಸಿರಪ್ಪಿಗೆ ಒಳ್ಳೆಯ ಬದಲಿ ಬರಲು ಇನ್ನೂ ಹದಿನಾಲ್ಕು ವರ್ಷ ಬೇಕಾಯಿತು. ಡೊಲುಟೆಗ್ರಾವಿರ್ ಎಂಬ ಹೊಸ ಔಷಧದ ಪೇಟೆಂಟ್ ಹೊಂದಿದ್ದ ಕಂಪನಿ, ಮಕ್ಕಳ ಔಷಧ ತಯಾರಿಸಲು ಬೇರೆಯವರಿಗೂ ಪರವಾನಗಿ ಸಿಗುವಂತೆ 2014ರಲ್ಲಿ ಒಪ್ಪಂದ ಮಾಡಿಕೊಂಡಿತು. 2020ರ ಕೊನೆಗೆ ನೀರಿನಲ್ಲಿ ಕರಗುವ, ಸ್ಟ್ರಾಬೆರಿ ರುಚಿಯ 10 ಮಿಲಿಗ್ರಾಂ ಮಾತ್ರೆ ಬಂತು. ಮಗುವೊಂದರ ಚಿಕಿತ್ಸೆಯ ವಾರ್ಷಿಕ ವೆಚ್ಚ 480 ಡಾಲರಿನಿಂದ 120 ಡಾಲರಿಗಿಂತ ಕೆಳಗಿಳಿಯಿತು.

ಹಾಗಾದರೆ ಕತೆ ಸುಖಾಂತವೇ? ವಿಶ್ವಸಂಸ್ಥೆಯ ಅಂಕಿಅಂಶದಂತೆ 2023ರಲ್ಲಿ 14 ಲಕ್ಷ ಮಕ್ಕಳು ಎಚ್‌ಐವಿಯೊಂದಿಗೆ ಬದುಕುತ್ತಿದ್ದರು. ಚಿಕಿತ್ಸೆ ಪಡೆಯುತ್ತಿದ್ದ ದೊಡ್ಡವರು ಶೇ. 77, ಮಕ್ಕಳು ಶೇ. 57. ಆ ಒಂದೇ ವರ್ಷ 76 ಸಾವಿರ ಮಕ್ಕಳು ತೀರಿಕೊಂಡರು. ಮಾತ್ರೆ ಸಿದ್ಧವಿದ್ದರೂ ಅದು ಯಾರಿಗೆ ಬೇಕೆಂದು ಮೊದಲು ತಿಳಿಯಬೇಕು. ತಾಯಿಯ ಪ್ರತಿಕಾಯಗಳು ಮಗುವಿನ ರಕ್ತದಲ್ಲಿ ಹದಿನೆಂಟು ತಿಂಗಳವರೆಗೂ ಇರಬಹುದಾದ್ದರಿಂದ ಸಾಮಾನ್ಯ ಪರೀಕ್ಷೆ ಎಳೆಗೂಸಿಗೆ ನಡೆಯುವುದಿಲ್ಲ. ವೈರಸ್ಸನ್ನೇ ಹುಡುಕುವ ಪರೀಕ್ಷೆ ಬೇಕು, ಅದಕ್ಕೆ ಪ್ರಯೋಗಾಲಯ ಬೇಕು, ಫಲಿತಾಂಶವನ್ನು ಹಳ್ಳಿಗೆ ಮುಟ್ಟಿಸುವ ಆರೋಗ್ಯ ಕಾರ್ಯಕರ್ತೆ ಬೇಕು.

ಈ ಸರಪಳಿಯನ್ನು ಬಿಗಿಗೊಳಿಸಲೆಂದೇ 2023ರ ಫೆಬ್ರವರಿಯಲ್ಲಿ ಆಫ್ರಿಕಾದ ಹನ್ನೆರಡು ದೇಶಗಳು ತಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲಿ ಸೇರಿ, 2030ರೊಳಗೆ ಮಕ್ಕಳಲ್ಲಿ ಏಡ್ಸ್ ಕೊನೆಗಾಣಿಸುವ ಜಾಗತಿಕ ಒಕ್ಕೂಟಕ್ಕೆ ಚಾಲನೆ ಕೊಟ್ಟವು. ಎರಡೇ ವರ್ಷದಲ್ಲಿ, 2025ರ ಜನವರಿಯಲ್ಲಿ, ಅಮೆರಿಕ ತನ್ನ ವಿದೇಶಿ ನೆರವನ್ನು ತಡೆಹಿಡಿಯಿತು. ಈ ಸರಪಳಿಯ ಹಲವು ಕೊಂಡಿಗಳು ನಿಂತಿದ್ದುದೇ ಆ ನೆರವಿನ ಮೇಲೆ.

'ಸಹಭಾಗಿತ್ವ' ಎಂಬ ಪದ ವರದಿಗಳಲ್ಲಿ ಸವೆದುಹೋಗಿದೆ. ಈ ಇತಿಹಾಸದಲ್ಲಿ ಮಾತ್ರ ಅದಕ್ಕೆ ಬಹಳ ಸರಳ ಅರ್ಥವಿದೆ. ಒಬ್ಬರು ಮಾಡಲಾಗದ್ದನ್ನು ಇನ್ನೊಬ್ಬರು ಮಾಡಿದ್ದಾರೆ. ಒಬ್ಬರು ಎದ್ದುಹೋದರೆ ಉಳಿದವರ ಶ್ರಮವೂ ಮಗುವಿನ ತನಕ ಮುಟ್ಟುವುದಿಲ್ಲ. ದೊಡ್ಡವರು ತಮ್ಮ ಪಾಲಿನ ಔಷಧಕ್ಕಾಗಿ ಬೀದಿಗಿಳಿದು ಕೂಗಬಲ್ಲರು. ಆರು ವಾರದ ಕೂಸು ಆಸ್ಪತ್ರೆಗೆ ಬರಬೇಕಾದರೂ ಯಾರಾದರೂ ಎತ್ತಿಕೊಂಡೇ ಬರಬೇಕು.