ಶೇಣಿ–ಸಾಮಗ ಜೋಡಿ: ಕ್ಯಾಸೆಟ್‌ನಲ್ಲಿ ಉಳಿದದ್ದೆಷ್ಟು?

ತಾಳಮದ್ದಳೆಯ ಪ್ರಸಂಗ ಪುಸ್ತಕ ಹುಡುಕಿದರೆ ಇವತ್ತೂ ಸಿಗುತ್ತದೆ. ಉಡುಪಿಯ ಪಾವಂಜೆ ಗುರುರಾವ್ ಆ್ಯಂಡ್ ಸನ್ಸ್ ಅಚ್ಚು ಹಾಕಿದ ಹಳೇ ಪ್ರತಿಗಳು ಕರಾವಳಿಯ ಮನೆಗಳಲ್ಲಿ ಇನ್ನೂ ಇವೆ. ಆದರೆ ಆ ಪುಸ್ತಕದಲ್ಲಿರುವುದು ಪದ ಮಾತ್ರ, ಅಂದರೆ ಭಾಗವತರು ಹಾಡುವ ಭಾಗ. ಪದ ಮುಗಿದ ಮೇಲೆ ಅರ್ಥಧಾರಿ ಆಡುವ ಮಾತು ಅದರಲ್ಲಿಲ್ಲ. ಅದು ಕೂಟದಲ್ಲೇ ಹುಟ್ಟಿ ಕೂಟದಲ್ಲೇ ಮುಗಿಯುತ್ತದೆ. ಯಾರಾದರೂ ಟೇಪ್ ರೆಕಾರ್ಡರ್ ಇಟ್ಟಿದ್ದರೆ ಉಳಿಯಿತು, ಇಲ್ಲದಿದ್ದರೆ ಇಲ್ಲ.

ಹೀಗೆ ಟೇಪಿನ ದೆಸೆಯಿಂದ ಉಳಿದವರಲ್ಲಿ ಶೇಣಿ–ಸಾಮಗರದು ದೊಡ್ಡ ಹೆಸರು. ಶೇಣಿ ಗೋಪಾಲಕೃಷ್ಣ ಭಟ್ಟರು ಕಾಸರಗೋಡು ಕಡೆಯವರು. 1918ರಲ್ಲಿ ಹುಟ್ಟಿ 2006ರಲ್ಲಿ ತೀರಿಕೊಂಡರು. ರಾಮದಾಸ ಸಾಮಗರು ನಮ್ಮ ಮಲ್ಪೆಯವರು. ಅಣ್ಣ ಶಂಕರನಾರಾಯಣ ಸಾಮಗರು ‘ದೊಡ್ಡ ಸಾಮಗ’ರಾದರೆ, ಇವರು ‘ಸಣ್ಣ ಸಾಮಗ’ರು. ಶೇಣಿಯವರೂ ಸಣ್ಣ ಸಾಮಗರೂ ಹರಿಕಥೆ ಮಾಡಿದವರು, ಸುರತ್ಕಲ್ ಮೇಳದಲ್ಲಿ ವೇಷ ಕಟ್ಟಿ ಕುಣಿದವರು. ಆದರೂ ಜನ ಅವರನ್ನು ಜೋಡಿಯಾಗಿ ನೆನಪಿಟ್ಟುಕೊಂಡದ್ದು ಹೆಚ್ಚಾಗಿ ತಾಳಮದ್ದಳೆಯಿಂದ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಎದುರು ಬದುರು ಕೂತು ಮಾತಾಡುವುದಷ್ಟೆ.

ಇಬ್ಬರ ದಾರಿ ಬೇರೆ ಬೇರೆ. ಶೇಣಿಯವರದು ವಕೀಲಿ ಬುದ್ಧಿ. ಎದುರಿನವನ ಮಾತಿನಲ್ಲಿ ಸಣ್ಣ ಬಿರುಕು ಕಂಡರೆ ಅಲ್ಲೇ ಹಾರೆ ಹಾಕುವವರು. ಸಾಮಗರದು ಮಾತಿನ ಓಟ, ಪ್ರಾಸದ ಮೇಲೆ ಪ್ರಾಸ, ಶಬ್ದದೊಳಗಿಂದ ಇನ್ನೊಂದು ಶಬ್ದ. ಒಬ್ಬರು ಕಟ್ಟಿ ಹಾಕಲು ನೋಡಿದರೆ ಇನ್ನೊಬ್ಬರು ಜಾರಿಕೊಳ್ಳುವರು. ಈ ಎಳೆದಾಟ ನೋಡಲೆಂದೇ ಜನ ಸೇರುತ್ತಿದ್ದರು.

ಇಲ್ಲಿ ಒಬ್ಬರ ಮಾತನ್ನು ಮಾತ್ರ ಕೇಳಿದರೆ ಏನೂ ಸಿಕ್ಕುವುದಿಲ್ಲ. ವಾಲಿವಧೆಯನ್ನೇ ನೋಡಿ. ಬಾಣ ತಾಗಿ ಬಿದ್ದ ವಾಲಿ ಕೇಳುತ್ತಾನೆ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ? ತಮ್ಮನ ಹೆಂಡತಿಯನ್ನು ಇಟ್ಟುಕೊಂಡದ್ದಕ್ಕೆ ಶಿಕ್ಷೆ ಎನ್ನುತ್ತಾನೆ ರಾಮ. ಕಪಿಗೆ ಮನುಷ್ಯರ ಕಾನೂನು ಹೇಗೆ ಅನ್ವಯ ಎಂದರೆ, ಮೃಗವಾದರೆ ಬೇಟೆಯಾಡಲು ಅಡ್ಡಿಯೇನು ಎನ್ನುವ ಉತ್ತರ ಬರುತ್ತದೆ. ಹಾಗಾದರೆ ಸುಗ್ರೀವನ ಸ್ನೇಹ ಯಾವ ಲೆಕ್ಕದಲ್ಲಿ ಎಂದು ವಾಲಿ ಮತ್ತೆ ಕೇಳಬಹುದು. ವಾಲಿಯ ಪ್ರಶ್ನೆ ಬದಲಾದರೆ ರಾಮನ ಉತ್ತರವೂ ಬದಲಾಗಬೇಕು. ಇವತ್ತಿನ ಕೂಟದಲ್ಲಿ ಗೆದ್ದ ಮಾತು ನಾಳೆಯ ಕೂಟದಲ್ಲಿ ಕೆಲಸಕ್ಕೆ ಬಾರದೆ ಹೋಗಬಹುದು. ಕಾರ್ಕಳದ ಮಾಳ ಮೂಲದ ಡಾ. ಎಂ. ಪ್ರಭಾಕರ ಜೋಶಿಯವರಂಥ ಅರ್ಥಧಾರಿ–ವಿಮರ್ಶಕರು ಈ ಕಲೆಯನ್ನು ಗಂಭೀರ ಚರ್ಚೆಗೆ ಎತ್ತಿಕೊಂಡಿದ್ದಾರೆ. ಆ ಚರ್ಚೆಗೂ ಆಧಾರ ಬೇಕಲ್ಲ? ಅದು ಧ್ವನಿಮುದ್ರಣವೇ.

ಜೋಡಿಯ ದಾಖಲೆ ಎಂದರೇನು ಎಂಬುದಕ್ಕೆ ದೂರದ ಒಂದು ಉದಾಹರಣೆ ಕೊಡುತ್ತೇನೆ. ಅಮೆರಿಕದ ಸೋಲ್ ಸಂಗೀತದಲ್ಲಿ ಸ್ಯಾಮ್ ಮೂರ್ ಮತ್ತು ಡೇವ್ ಪ್ರೇಟರ್ ಎಂಬ ಜೋಡಿಯಿತ್ತು. ಇಗರ್ಜಿಯ ಭಜನೆಯಿಂದ ಬಂದ ರೀತಿ ಅವರದು. ಒಬ್ಬ ಕರೆದರೆ ಇನ್ನೊಬ್ಬ ಓಗೊಡಬೇಕು. 1967ರ ಏಪ್ರಿಲ್‌ನಲ್ಲಿ ಅವರು ನಾರ್ವೆಯ ಓಸ್ಲೋದಲ್ಲಿ ಹಾಡಿದ ಕಾರ್ಯಕ್ರಮ ಕಪ್ಪು–ಬಿಳುಪಿನಲ್ಲಿ ಚಿತ್ರೀಕರಣವಾಗಿ ಉಳಿದಿದೆ. ಅವರ ಹಾಡುಗಳ ತಟ್ಟೆಗಳು ಬೇಕಾದಷ್ಟಿವೆ. ಆದರೂ ಜನ ಆ ಹಳೇ ಚಿತ್ರವನ್ನು ಹುಡುಕಿ ನೋಡುತ್ತಾರೆ. ತಟ್ಟೆಯಲ್ಲಿ ಕೇಳದ ಒಂದು ಸಂಗತಿ ಅದರಲ್ಲಿ ಕಾಣುತ್ತದೆ: ಒಬ್ಬ ಹಾಡುವಾಗ ಇನ್ನೊಬ್ಬ ಏನು ಮಾಡುತ್ತಿದ್ದಾನೆ ಎಂಬುದು.

ತಾಳಮದ್ದಳೆಯಲ್ಲಿಯೂ ಸುಮ್ಮನೆ ಕೂತವನ ಮುಖಕ್ಕೆ ಬೆಲೆಯಿದೆ. ಎದುರಿನವನ ಮಾತಿಗೆ ಒಂದು ನಗು, ತಲೆಯಾಡಿಸುವುದು, ಬೇಕೆಂದೇ ಬೇರೆ ಕಡೆ ನೋಡುವುದು, ಇವೆಲ್ಲ ಉತ್ತರವೇ. ಕ್ಯಾಸೆಟ್‌ನಲ್ಲಿ ಅಲ್ಲಿ ಬರೇ ಮೌನ. 1982ರ ಏಷ್ಯಾಡ್ ಹೊತ್ತಿಗೆ ನಮ್ಮಲ್ಲಿ ಬಣ್ಣದ ಟಿ.ವಿ., ಅದರ ಹಿಂದೆಯೇ ವಿಡಿಯೊ ಬರುವಾಗ ಶೇಣಿಯವರಿಗೆ ಅರವತ್ತು ದಾಟಿತ್ತು. ಹಾಗಾಗಿ ಪ್ರಾಯದ ಕಾಲದ ಕೂಟಗಳಿಗೆ ನಾವು ಕಿವಿಯನ್ನೇ ನಂಬಬೇಕು.

ಕಿವಿಗೂ ಮಿತಿಯಿತ್ತು. ಫಿಲಿಪ್ಸ್ ಕಂಪೆನಿ ಕ್ಯಾಸೆಟ್ ತಂದದ್ದು 1963ರಲ್ಲಿ. ಸಿ–60 ಎಂದರೆ ಒಂದು ಬದಿಗೆ 30 ನಿಮಿಷ, ಸಿ–90 ಎಂದರೆ 45. ರಾತ್ರಿಯಿಡೀ ನಡೆಯುವ ಕೂಟಕ್ಕೆ ಇದು ಯಾವ ಮೂಲೆಗೆ? ಬದಿ ತಿರುಗಿಸುವಷ್ಟರಲ್ಲಿ ಒಂದು ಪ್ರಶ್ನೆ ಹೋಗಿರುತ್ತದೆ, ಆಮೇಲೆ ಬರುವ ಉತ್ತರ ಅನಾಥ. ಅಂಗಡಿಯಲ್ಲಿ ಮಾರಾಟಕ್ಕೆ ಬಂದ ಕ್ಯಾಸೆಟ್‌ಗಳಲ್ಲಂತೂ ಇಡೀ ಪ್ರಸಂಗವನ್ನು ಒಂದೆರಡು ತಾಸಿಗೆ ಇಳಿಸಬೇಕಿತ್ತು.

ಈಗ ಮೊಬೈಲಿನಲ್ಲಿ ಜಾಗಕ್ಕೆ ಕೊರತೆಯಿಲ್ಲ. ಆದರೂ ನಾವು ಇನ್ನಷ್ಟು ಕತ್ತರಿಸುತ್ತಿದ್ದೇವೆ. ‘ಶೇಣಿಯವರ ಅದ್ಭುತ ಮಾತು’ ಎಂದು ಮೂರು ನಿಮಿಷದ ತುಣುಕು ವಾಟ್ಸ್‌ಆ್ಯಪ್‌ಗೆ ಬರುತ್ತದೆ. ಆ ಮಾತನ್ನು ಹೊರಡಿಸಿದ ಸಾಮಗರ ಪ್ರಶ್ನೆ ಅದರಲ್ಲಿರುವುದಿಲ್ಲ. ಹೀಗೇ ಹೋದರೆ ಮುಂದಿನವರಿಗೆ ಶೇಣಿ ಒಬ್ಬ ಒಳ್ಳೆಯ ಭಾಷಣಕಾರ, ಸಾಮಗರು ಪ್ರಾಸಗಾರ. ಜೋಡಿ ಎಂಬುದೇ ಅಳಿಸಿ ಹೋಗುತ್ತದೆ.

ಕಾಪು, ಕಾರ್ಕಳ, ಮಣಿಪಾಲದ ಹಳೇ ಮನೆಗಳ ಅಟ್ಟದಲ್ಲಿ, ಕಪಾಟಿನ ಹಿಂದೆ ಇಂಥ ಟೇಪುಗಳು ಇರಬಹುದು. ನಮ್ಮ ಮಳೆಗಾಲ ಅವುಗಳ ಶತ್ರು. ತೇವ ಹಿಡಿದರೆ ಬೂಸ್ಟು ಬರುತ್ತದೆ, ಟೇಪು ಒಂದಕ್ಕೊಂದು ಅಂಟುತ್ತದೆ. ಬೂಸ್ಟು ಕಂಡ ಕ್ಯಾಸೆಟನ್ನು ಆಸೆಗೆ ಬಿದ್ದು ಪ್ಲೇಯರಿಗೆ ಹಾಕಬೇಡಿ. ತುಂಡಾದೀತು, ಯಂತ್ರದ ಹೆಡ್ಡೂ ಕೊಳೆಯಾದೀತು. ಚೆನ್ನಾಗಿರುವ ಕ್ಯಾಸೆಟ್‌ನ ಮೇಲಂಚಿನ ಎರಡು ಪ್ಲಾಸ್ಟಿಕ್ ತುಣುಕು ಮುರಿದಿಡಿ, ಅದರ ಮೇಲೆ ಬೇರೆ ರೆಕಾರ್ಡ್ ಆಗುವುದು ತಪ್ಪುತ್ತದೆ.

ಕಂಪ್ಯೂಟರಿಗೆ ಇಳಿಸುವಾಗ ಎರಡೂ ಬದಿಯನ್ನು ಪೂರ್ತಿ ಇಳಿಸಿ. ಕೆಮ್ಮು, ಚಪ್ಪಾಳೆ, ಯಾವುದನ್ನೂ ತೆಗೆಯಬೇಡಿ. ಪ್ರಸಂಗ, ಊರು, ವರ್ಷ, ಭಾಗವತರು, ಚೆಂಡೆ–ಮದ್ದಳೆಯವರು, ಯಾರ ಪಾತ್ರ ಯಾವುದು ಎಂದು ಬರೆದಿಡಿ. ಮನೆಯ ಹಿರಿಯರು ದನಿ ಕೇಳಿಯೇ ಹೆಸರು ಹೇಳುತ್ತಾರೆ. ಅವರು ಇರುವಾಗಲೇ ಈ ಕೆಲಸ ಆಗಬೇಕು.

ಉಡುಪಿಯ ಎಂಜಿಎಂ ಕಾಲೇಜಿನಲ್ಲಿ 1971ರಲ್ಲಿ ಯಕ್ಷಗಾನ ಕೇಂದ್ರ ಶುರುವಾಯಿತು. ಕು.ಶಿ. ಹರಿದಾಸ ಭಟ್ಟರ ಆಸಕ್ತಿಯಿಂದ ಜನಪದ ರಂಗಕಲೆಗಳ ಅಧ್ಯಯನವೂ ಅಲ್ಲಿ ನೆಲೆ ಕಂಡಿತು. ಕಲೆಯ ದಾಖಲೆ ಮುಖ್ಯ ಎಂಬ ಮಾತು ಈ ಊರಿಗೆ ಹೊಸದಲ್ಲ. ಆದರೆ ಸಂಸ್ಥೆಗೆ ಎಲ್ಲರ ಅಟ್ಟ ಹತ್ತಲು ಆಗುವುದಿಲ್ಲ. ಅದು ನಮ್ಮ ನಿಮ್ಮ ಕೆಲಸ, ಈ ಮಳೆಗಾಲಕ್ಕೆ ಮುಂಚೆ ಆದರೆ ಒಳ್ಳೆಯದು.