ಘಟ್ಟದ ಮೇಲಿನ ಚಳಿಜ್ವರ

ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳು ಸೃಷ್ಟಿಸೌಂದರ್ಯಕ್ಕೆ ಹೇಗೆ ಪ್ರಸಿದ್ಧವಾಗಿರುವವೋ ಹಾಗೆಯೇ ಒಂದು ಕಾಲದಲ್ಲಿ ಚಳಿಜ್ವರಕ್ಕೂ ಪ್ರಸಿದ್ಧವಾಗಿದ್ದವು. ಎರಡು ಗುಡ್ಡಗಳ ನಡುವಣ ತಗ್ಗಿನಲ್ಲಿ ಅಡಿಕೆಯ ತೋಟ, ತೋಟದ ಅಂಚಿನಲ್ಲಿ ಹರಿಯುವ ಹಳ್ಳ, ಅದಕ್ಕೆ ಸಮೀಪದಲ್ಲಿಯೇ ಮನೆ ಮತ್ತು ಕೊಟ್ಟಿಗೆ. ಇದು ಈ ಸೀಮೆಯ ಬಾಳಿನ ಕ್ರಮ. ತೋಟಕ್ಕೆ ಜೀವನವಾದ ಆ ನೀರೇ ತೋಟಿಗನ ಮನೆಗೆ ರೋಗವನ್ನು ತರುತ್ತಿದ್ದಿತೆಂಬದು ಬಹುಕಾಲ ಯಾರಿಗೂ ತಿಳಿದಿರಲಿಲ್ಲ.

ಜ್ವರವೇನೋ ನಮ್ಮ ಪ್ರಾಚೀನರಿಗೆ ಅಪರಿಚಿತವಾದುದಲ್ಲ. ದಿನ ಬಿಟ್ಟು ದಿನ ಬರುವ ತೃತೀಯಕ, ಎರಡು ದಿನ ಬಿಟ್ಟು ಬರುವ ಚತುರ್ಥಕ ಮೊದಲಾದ ಭೇದಗಳನ್ನು ಆಯುರ್ವೇದವು ವಿಷಮಜ್ವರವೆಂಬ ಹೆಸರಿನಿಂದ ವಿವರಿಸಿರುವದು. ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ ಮಶಕಗಳು ಐದು ವಿಧವೆಂದೂ, ಅವುಗಳಲ್ಲಿ ಪಾರ್ವತೀಯವೆಂಬದರ ಕಡಿತವು ಪ್ರಾಣಹಾರಕ ಕೀಟಗಳ ಕಡಿತಕ್ಕೆ ಸಮಾನವೆಂದೂ ಹೇಳಿದೆ. ಬೆಟ್ಟದ ಸೀಮೆಯವರಿಗೆ ಇದು ಕುತೂಹಲದ ಮಾತೇ ಸರಿ. ಆದರೆ ಇಷ್ಟರಿಂದಲೇ ಜ್ವರದ ಕಾರಣವು ಆ ಕಾಲಕ್ಕೆ ತಿಳಿದಿದ್ದಿತೆಂದು ಹೆಮ್ಮೆಪಡುವದು ಯುಕ್ತವಲ್ಲ. ಅಲ್ಲಿ ಹೇಳಿರುವದು ಕಡಿತದ ವಿಷವನ್ನು ಮಾತ್ರ. ಮಶಕಕ್ಕೂ ಮಲೇರಿಯಾಕ್ಕೂ ಇರುವ ಸಂಬಂಧವು 1897ನೆಯ ಇಸವಿಯ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಎಂಬ ವೈದ್ಯನು ಸೊಳ್ಳೆಯ ಜಠರದಲ್ಲಿ ಆ ರೋಗದ ಪರೋಪಜೀವಿಯನ್ನು ಕಂಡಾಗ ಬೆಳಕಿಗೆ ಬಂದಿತು.

ಕಾರಣವು ತಿಳಿದರೂ ಘಟ್ಟದ ಮೇಲಿನವರ ಸಂಕಟವು ತೀರಲಿಲ್ಲ. 1901ರ ಖಾನೇಸುಮಾರಿಯಲ್ಲಿ 4,54,490 ಇದ್ದ ಜಿಲ್ಲೆಯ ಜನಸಂಖ್ಯೆಯು 1911ರಲ್ಲಿ 4,30,548ಕ್ಕೂ, 1921ರಲ್ಲಿ 4,01,727ಕ್ಕೂ ಇಳಿಯಿತು. 1918ರ ಇನ್‌ಫ್ಲುಯೆಂಜಾ ಪಿಡುಗೂ ಇದಕ್ಕೆ ಕಾರಣವಾಯಿತೆಂಬದು ನಿಜ. ಆದರೆ ಇಳಿತವು ಅದಕ್ಕೆ ಮುಂಚೆಯೇ ಆರಂಭವಾಗಿದ್ದಿತು. ಮಕ್ಕಳ ಹೊಟ್ಟೆಯಲ್ಲಿ ಜ್ವರಗಡ್ಡೆ, ಗರ್ಭಿಣಿಯರಲ್ಲಿ ರಕ್ತಹೀನತೆ, ದುಡಿಯುವವರಲ್ಲಿ ನಿಶ್ಶಕ್ತಿ. ಇವು ಈ ರೋಗದ ಗುರುತುಗಳು. ಕ್ವಿನಾಯಿನಿನಿಂದ ಬಂದ ಜ್ವರವು ಇಳಿಯುತ್ತಿದ್ದಿತೇ ಹೊರತು ಮತ್ತೆ ಕಡಿಯುವ ಸೊಳ್ಳೆಯು ನಿಲ್ಲುತ್ತಿರಲಿಲ್ಲ.

ಈ ಸೀಮೆಯಲ್ಲಿ ರೋಗವನ್ನು ಹರಡುತ್ತಿದ್ದುದು ಅನಾಫಿಲಿಸ್ ಫ್ಲೂವಿಯಾಟಿಲಿಸ್ ಎಂಬ ಸೊಳ್ಳೆ. ಇದು ಕೊಳೆತ ನೀರನ್ನು ಬಯಸದೆ, ಹುಲ್ಲು ಬೆಳೆದ ಅಂಚುಗಳುಳ್ಳ, ಮೆಲ್ಲಗೆ ಹರಿಯುವ ತಿಳಿನೀರಿನಲ್ಲಿ ಮೊಟ್ಟೆಯಿಡುವದು. ಅಸಂಖ್ಯವಾದ ಹಳ್ಳ ಕಾಲುವೆಗಳಿಗೆಲ್ಲ ಎಣ್ಣೆ ಬಿಡುವದು ಸಾಧ್ಯವಾದ ಕೆಲಸವಲ್ಲ. ಆದರೆ ರಾತ್ರಿಯಲ್ಲಿ ರಕ್ತವನ್ನು ಹೀರಿದ ಈ ಸೊಳ್ಳೆಯು ಮನೆ ಕೊಟ್ಟಿಗೆಗಳ ಗೋಡೆಯ ಮೇಲೆ ಕುಳಿತು ವಿಶ್ರಮಿಸುವದು. ಶತ್ರುವಿನ ಈ ಅಭ್ಯಾಸವೇ ಜಯಕ್ಕೆ ಸಾಧನವಾಯಿತು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಈ ಜಿಲ್ಲೆಯಲ್ಲಿಯೂ ಧಾರವಾಡ ಜಿಲ್ಲೆಯಲ್ಲಿಯೂ ಡಾ. ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ 1946ರಲ್ಲಿ ಒಳಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸುವ ಕಾರ್ಯವು ನಡೆಯಿತು. ಗೋಡೆಯ ಮೇಲೆ ತಿಂಗಳುಗಟ್ಟಲೆ ಉಳಿಯುವ ಆ ಔಷಧವು, ಕುಳಿತ ಸೊಳ್ಳೆಯನ್ನು ಅದು ಇನ್ನೊಬ್ಬರಿಗೆ ರೋಗವನ್ನು ಒಯ್ಯುವ ಮೊದಲೇ ಕೊಲ್ಲುತ್ತಿದ್ದಿತು. ಇಲ್ಲಿ ದೊರೆತ ಫಲವನ್ನು ಕಂಡು 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮಕ್ಕೆ ಧೈರ್ಯವು ಬಂದಿತು. ಹೀಗೆ ದೇಶಕ್ಕೆ ದಾರಿ ತೋರಿದ ಸೀಮೆಗಳಲ್ಲಿ ಮಲೆನಾಡಿನ ಈ ಹಳ್ಳಿಗಳೂ ಸೇರಿರುವವು.

ಆದರೆ ಜಯವೆಂಬದು ಎಚ್ಚರಿಕೆಯಿಲ್ಲದೆ ನಿಲ್ಲತಕ್ಕದ್ದಲ್ಲ. 1965ರ ಸುಮಾರಿಗೆ ದೇಶದಲ್ಲಿ ಒಂದು ಲಕ್ಷಕ್ಕೆ ಇಳಿದಿದ್ದ ಮಲೇರಿಯಾ ರೋಗಿಗಳ ಸಂಖ್ಯೆಯು, ಸೊಳ್ಳೆಗಳಿಗೆ ಔಷಧವು ನಾಟದಂತಾಗಿ ಕಾರ್ಯವೂ ಸಡಿಲವಾದಾಗ, 1976ರಲ್ಲಿ 64 ಲಕ್ಷಕ್ಕೆ ಏರಿತು.

ಇಂದು ಘಟ್ಟದ ಮೇಲೆ ಆ ಹಳೆಯ ಚಳಿಜ್ವರದ ಭೀತಿಯಿಲ್ಲ. ಅದಕ್ಕೆ ಬದಲು ಡೆಂಗಿಯ ಭೀತಿಯುಂಟು. ಇದನ್ನು ಹರಡುವ ಈಡಿಸ್ ಸೊಳ್ಳೆಯು ಹಗಲಿನಲ್ಲಿ ಕಡಿಯುವದು. ಹಳ್ಳವನ್ನು ಹುಡುಕದೆ ಅಂಗಳದಲ್ಲಿಯೇ ಹುಟ್ಟುವದು. ತೋಟದಲ್ಲಿ ಬಿದ್ದ ಅಡಿಕೆಯ ಹಾಳೆ, ತೆಂಗಿನ ಚಿಪ್ಪು, ಮುಚ್ಚಳವಿಲ್ಲದ ಹಂಡೆ, ಹಳೆಯ ಟಾಯರು, ಇವುಗಳಲ್ಲಿ ನಿಂತ ಸ್ವಲ್ಪ ನೀರೇ ಅದಕ್ಕೆ ಸಾಕು. ಮೊಟ್ಟೆಯು ಸೊಳ್ಳೆಯಾಗಲು ಸುಮಾರು ಒಂದು ವಾರದಿಂದ ಹತ್ತು ದಿನಗಳ ಕಾಲ ಸಾಕು. 2024ರಲ್ಲಿ ಕರ್ನಾಟಕ ಸರಕಾರವು ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆಗಳು ಹುಟ್ಟಲು ಎಡೆಗೊಡುವವರಿಗೆ ದಂಡವನ್ನು ವಿಧಿಸಿತು.

ಇಲ್ಲಿ ಅದೇ ರಾಸನ ತಾರುಣ್ಯದ ಒಂದು ಸಂಗತಿಯು ಸ್ಮರಣೀಯವಾಗಿದೆ. 1883ರಲ್ಲಿ ಬೆಂಗಳೂರಿನಲ್ಲಿದ್ದಾಗ ಆತನು ತನ್ನ ಬಿಡಾರದ ಬಳಿಯ ನೀರಿನ ತೊಟ್ಟಿಯಲ್ಲಿ ಹುಳುಗಳನ್ನು ಕಂಡು, ಅದನ್ನು ಬೋರಲು ಹಾಕಿಸಿದನು, ಸೊಳ್ಳೆಗಳು ಕಡಿಮೆಯಾದವು. ಉಳಿದ ತೊಟ್ಟಿಗಳನ್ನೂ ಹಾಗೆಯೇ ಮಾಡೋಣವೆಂದರೆ ಸೈನ್ಯದ ಅಧಿಕಾರಿಯೊಬ್ಬನು, ಅದು ಸೃಷ್ಟಿನಿಯಮವನ್ನು ಕೆಡಿಸಿದಂತಾಗುವದೆಂದು ಒಪ್ಪಲಿಲ್ಲವಂತೆ. ಗೋಡೆಗೆ ಔಷಧವನ್ನು ಸಿಂಪಡಿಸಲು ಸರಕಾರದವರು ಬಂದರು. ಅಂಗಳದ ಹಾಳೆಯನ್ನು ಬೋರಲು ಹಾಕುವ ಕೆಲಸವು ಮನೆಯವರದೇ. ವಾರಕ್ಕೊಂದು ದಿನ ಪ್ರತಿಯೊಂದು ಮನೆಯವರೂ ನಿಂತ ನೀರನ್ನು ಚೆಲ್ಲಿ, ಪಾತ್ರೆಯನ್ನು ತಿಕ್ಕಿ ಒಣಗಿಸಿ, ನೆರೆಮನೆಯವರಿಗೂ ನೆನಪು ಕೊಟ್ಟರೆ, ಹಿಂದೆ ಈ ಸೀಮೆಯ ಜನರು ಅನುಭವಿಸಿದ ದುಃಖವು ಮುಂದಿನವರಿಗೆ ತಪ್ಪುವದು.