ಬರೋಡಾ ಸಂಸ್ಥಾನದ ಪುಸ್ತಕ ಭಂಡಾರಗಳು

ಅಕ್ಷರವನ್ನು ಕಲಿಸುವುದು ಒಂದು ಕೆಲಸ. ಕಲಿತ ಅಕ್ಷರವು ಮರೆತುಹೋಗದಂತೆ ಕಾಪಾಡುವುದು ಇನ್ನೊಂದು. ಮೊದಲನೆಯದನ್ನು ಪಾಠಶಾಲೆಯು ಮಾಡುತ್ತದೆ. ಎರಡನೆಯದನ್ನು ಮಾಡುವವರಾರು? ಈ ಪ್ರಶ್ನೆಯನ್ನು ರಾಜ್ಯಭಾರದ ಪ್ರಶ್ನೆಯೆಂದೇ ಭಾವಿಸಿದ ಅರಸರಲ್ಲಿ ಬರೋಡಾದ ಮೂರನೆಯ ಸಯಾಜಿರಾವ್ ಗಾಯಕವಾಡರು ಅಗ್ರಗಣ್ಯರು.

1906ರಲ್ಲಿ ಅವರು ತಮ್ಮ ಸಂಸ್ಥಾನದಲ್ಲೆಲ್ಲ ಪ್ರಾಥಮಿಕ ವಿದ್ಯಾಭ್ಯಾಸವನ್ನು ಕಡ್ಡಾಯಗೊಳಿಸಿದರು. ಅದೇ ವರ್ಷ ಅಮೆರಿಕಾದಲ್ಲಿ ಸಂಚರಿಸಿ, ಅಲ್ಲಿಯ ಸಾರ್ವಜನಿಕ ಪುಸ್ತಕ ಭಂಡಾರಗಳನ್ನು ಕಂಡು ಬಂದರು. 1910ರಲ್ಲಿ ನ್ಯೂ ಹೇವನ್ ನಗರದ ಗ್ರಂಥಪಾಲಕರಾಗಿದ್ದ ವಿಲಿಯಂ ಅಲನ್ಸನ್ ಬೋರ್ಡನ್ನರನ್ನು ಕರೆಸಿ, ಹೊಸ ಇಲಾಖೆಯೊಂದನ್ನು ಅವರ ಕೈಗೆ ಒಪ್ಪಿಸಿದರು.

ಬೋರ್ಡನ್ನರು ಅಲ್ಲಿ ಇದ್ದುದು ಮೂರೇ ವರ್ಷ. ಅಷ್ಟರಲ್ಲಿ ಮಹಾರಾಜರ ಸ್ವಂತ ಗ್ರಂಥಸಂಗ್ರಹವನ್ನು ತಳಹದಿಯಾಗಿಟ್ಟುಕೊಂಡು ರಾಜಧಾನಿಯಲ್ಲಿ ಕೇಂದ್ರ ಭಂಡಾರವು ಬೆಳೆಯಿತು. ಬೀಗ ಹಾಕಿದ ಕಪಾಟುಗಳಿಗೆ ಬದಲಾಗಿ, ಓದುವವನು ತಾನೇ ಹೋಗಿ ಪುಸ್ತಕವನ್ನು ಆರಿಸಿಕೊಳ್ಳಬಹುದಾದ ತೆರೆದ ಸಾಲುಗಳು ಬಂದವು. ಸ್ತ್ರೀಯರಿಗೂ ಮಕ್ಕಳಿಗೂ ಬೇರೆ ಬೇರೆ ವಿಭಾಗಗಳಾದವು. ಗ್ರಂಥಪಾಲಕರಿಗೆ ಶಿಕ್ಷಣದ ತರಗತಿಯೊಂದು ನಡೆಯಿತು. 1912ರಿಂದ ಇಂಗ್ಲಿಷು, ಗುಜರಾತಿ, ಮರಾಠಿ ಈ ಮೂರು ಭಾಷೆಗಳಲ್ಲಿ ಒಂದು ಪತ್ರಿಕೆಯೂ ಹೊರಟಿತು. ಭಂಡಾರವಿಲ್ಲದ ಹಳ್ಳಿಗಳಿಗೆ ಮರದ ಪೆಟ್ಟಿಗೆಗಳಲ್ಲಿ ಪುಸ್ತಕಗಳು ಪ್ರಯಾಣ ಮಾಡಿದವು. ಸಾಗಣೆಯ ವೆಚ್ಚವನ್ನು ಸರ್ಕಾರವೇ ಹೊತ್ತಿತು. ಓದು ಬಾರದವರಿಗಾಗಿ ಚಿತ್ರಪ್ರದರ್ಶನಗಳೂ ನಡೆದವು.

1913ರಲ್ಲಿ ಬೋರ್ಡನ್ನರು ಸ್ವದೇಶಕ್ಕೆ ಮರಳಿದರು. ಪರದೇಶದ ತಜ್ಞರು ಹೊರಟುಹೋದೊಡನೆ ಅವರ ಯೋಜನೆಯೂ ಬಾಡಿಹೋಗುವುದನ್ನು ನಾವು ಎಷ್ಟೋ ಕಡೆ ಕಂಡಿದ್ದೇವೆ. ಇಲ್ಲಿ ಹಾಗಾಗಲಿಲ್ಲ. ಕಾರಣವೇನು? ಬೋರ್ಡನ್ನರು ಬರುವುದಕ್ಕೆ ಮೊದಲೇ ಮೋತಿಭಾಯಿ ಅಮೀನರೆಂಬ ಉಪಾಧ್ಯಾಯರು ಹಳ್ಳಿಗಳಲ್ಲಿ ಮಿತ್ರಮಂಡಲಗಳನ್ನು ಕಟ್ಟಿ ವಾಚನಾಲಯಗಳನ್ನು ತೆರೆಸಿದ್ದರು. ನೆಲವು ಹದವಾಗಿತ್ತು. ಇದರ ಜೊತೆಗೆ ಸರ್ಕಾರವು ಒಂದು ನಿಯಮವನ್ನು ಮಾಡಿತು: ಹಳ್ಳಿಯವರು ಎಷ್ಟು ಹಣ ಕೂಡಿಸುವರೋ ಅಷ್ಟನ್ನೇ ಪ್ರಾಂತದ ಪಂಚಾಯತಿಯೂ, ಅಷ್ಟನ್ನೇ ಸರ್ಕಾರವೂ ಒಂದು ಮಿತಿಯವರೆಗೆ ಕೊಡತಕ್ಕದ್ದು. ಮೊದಲ ರೂಪಾಯಿ ಹಳ್ಳಿಯದು. ಆದುದರಿಂದ ಭಂಡಾರವೂ ಹಳ್ಳಿಯದಾಯಿತು. ಮುಂದೆ ಈ ಕಾರ್ಯದ ಮೇಲ್ವಿಚಾರಣೆ ನಡೆಸಿದ ನ್ಯೂಟನ್ ಮೋಹನ್ ದತ್ತರು ಅದನ್ನು ಬಹುಕಾಲ ಬೆಳೆಸಿದರು.

ಮಹಾರಾಜರು 1939ರಲ್ಲಿ ಕಾಲವಾದರು. 1949ರಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಆ ರಾಜ್ಯ ಹೋಯಿತು, ಪಾಠ ಉಳಿಯಿತು. ನಮ್ಮ ನಾಡಿನಲ್ಲಿಯೂ 1965ರ ಶಾಸನವು ಗ್ರಂಥಾಲಯ ಕರವನ್ನು ಗೊತ್ತುಮಾಡಿದೆ. ಆ ಕರವನ್ನು ನಾವು ತೆರುತ್ತಲೂ ಇದ್ದೇವೆ. ಆದರೆ ಬರೋಡಾದ ರೈತನು ತನ್ನ ಪಾಲನ್ನು ತಿಳಿದು ಕೊಟ್ಟನು. ನಾವು ತಿಳಿಯದೆ ಕೊಡುತ್ತೇವೆ. ನಮ್ಮೂರಿನ ಭಂಡಾರದ ಬಾಗಿಲು ಮುಚ್ಚಿದ್ದರೂ ಕೇಳದೆ ಮುಂದೆ ಹೋಗುವುದಕ್ಕೆ ಇದೇ ಕಾರಣವಲ್ಲವೆ? ಕೊಟ್ಟುದನ್ನು ನೆನಪಿನಲ್ಲಿಟ್ಟು ಒಳಕ್ಕೆ ಕಾಲಿಟ್ಟ ದಿನವೇ ಅದು ನಮ್ಮದಾಗುವುದು.